ಮಗಳು ಹತ್ತನೇ ಗ್ರೇಡ್ ಮುಗಿಸುತ್ತಿದ್ದಾಳೆ, ಬೇಸಿಗೆಯಲ್ಲಿ ಯಾವ ಕಾಲೇಜ್ ಕ್ಲಾಸ್ ತೆಗೆದುಕೊಂಡರೆ ಒಳ್ಳೆಯದು?

ತೀರ್ಥಹಳ್ಳಿ ಮಗಳು, ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಮನೆಯಲ್ಲಿ ಇದೇ ಮಾತು, ನನಗಂತೂ ತಲೆ ಕೆಟ್ಟಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗಳ ಗೆಳತಿಯರೆಲ್ಲ ಈ ಬೇಸಿಗೆಗೆ ಕಮ್ಯುನಿಟಿ ಕಾಲೇಜಿನಲ್ಲಿ (ಇಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜು) ಕ್ಲಾಸ್ ತೆಗೆದುಕೊಳ್ಳುತ್ತಿದ್ದಾರೆ. ಒಬ್ಬಳಂತೂ ಮೂರು. ನಮ್ಮ ಯಜಮಾನರು ಕ್ಯಾಲ್ಕುಲಸ್ ಹಾಕು ಅಂತಾರೆ, ಬೇಸಿಗೆಯಲ್ಲಿ ಮುಗಿಸಿದರೆ ಹನ್ನೊಂದರಲ್ಲಿ ಅದಕ್ಕಿಂತ ಮುಂದಿನದನ್ನ ತೆಗೆದುಕೊಳ್ಳಬಹುದು, ಯುಸಿಯವರು (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅದನ್ನೇ ನೋಡೋದು ಅಂತ. ಅವಳು ಈಗಷ್ಟೇ ಪ್ರೀಕ್ಯಾಲ್ಕುಲಸ್ ಮುಗಿಸುತ್ತಿದ್ದಾಳೆ, ಗಣಿತ ಬರುತ್ತೆ, ಆದರೆ ಇಷ್ಟಪಟ್ಟು ಕೂತು ಮಾಡುವವಳಲ್ಲ. ಅವಳ ಮನಸ್ಸೆಲ್ಲ ಗಿಡದ ಮೇಲೆ. ಹೋದ ವರ್ಷ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ನಮ್ಮಪ್ಪನ ಅಡಿಕೆ ತೋಟಕ್ಕೆ ಕೊಳೆರೋಗ ಬಂದಿತ್ತು. ಅಜ್ಜ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಸೋದು, ಮಳೆ ಬಿಡುವು ಕೊಡದೇ ಇರೋದು, ಕಾಯಿ ಉದುರೋದು, ಎಲ್ಲ ನೋಡಿದಳು. ಬಂದಾಗಿನಿಂದ ಅದೇ ಓದುತ್ತಾಳೆ. ಕೊಳೆಗೆ ಕಾರಣ ಫೈಟಾಫ್ತೊರಾ, ಅದು ನಿಜವಾದ ಶಿಲೀಂಧ್ರ ಅಲ್ಲ ಅಮ್ಮ ಅಂತ ನನಗೇ ಪಾಠ ಮಾಡುತ್ತಾಳೆ.

ಪಕ್ಕದ ಮನೆಯವರು ಇನ್ನೊಂದು ಹೇಳಿದರು. ಹೆಸರುವಾಸಿ ವಿಶ್ವವಿದ್ಯಾಲಯದಲ್ಲಿ ಮೂರು ವಾರದ ಪ್ರೀ-ಕಾಲೇಜ್ ಪ್ರೋಗ್ರಾಂ ಇದೆ, ಸಾವಿರಾರು ಡಾಲರ್ ಆಗುತ್ತೆ, ಆದರೆ ಅರ್ಜಿಯಲ್ಲಿ ಆ ಹೆಸರು ಇದ್ದರೆ ತೂಕ ಬೇರೆ ಅಂತ. ನಾವು ಶಿವಮೊಗ್ಗದಲ್ಲಿ ಪಿಯುಸಿ ಬರೆದು, ಸಿಇಟಿ ಬರೆದು, ರ‍್ಯಾಂಕ್ ನೋಡಿ ಸೀಟು ತೆಗೆದುಕೊಂಡವರು. ಇಲ್ಲಿ ಯಾವುದು ಲೆಕ್ಕಕ್ಕೆ ಬರುತ್ತೆ, ಯಾವುದು ಬರಲ್ಲ, ಒಂದೂ ಗೊತ್ತಾಗುತ್ತಿಲ್ಲ. ಜುಲೈಯಲ್ಲಿ ಊರಿಗೂ ಹೋಗಬೇಕು, ಅಪ್ಪನಿಗೆ ವಯಸ್ಸಾಗಿದೆ. ಏನು ಮಾಡಲಿ?

ಕಾಫಿ ಬಟ್ಟಲು, ಸನಿವೇಲ್

ಮೇಡಂ, ಇಬ್ಬರು ಮಕ್ಕಳನ್ನ ಈ ದಾರಿಯಲ್ಲಿ ದಾಟಿಸಿದ್ದೇನೆ, ಗೊತ್ತಿರೋದನ್ನ ಹೇಳುತ್ತೇನೆ.

ಮೊದಲು ದುಡ್ಡಿನ ಮಾತು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್‌ಗೆ 46 ಡಾಲರ್ ಫೀಸು. ಹೈಸ್ಕೂಲ್‌ನಲ್ಲಿ ಇದ್ದುಕೊಂಡೇ ಪಾರ್ಟ್‌ಟೈಮ್ ಬರುವ ಮಕ್ಕಳಿಗೆ ಸಾಮಾನ್ಯವಾಗಿ ಅದನ್ನ ತೆಗೆದುಕೊಳ್ಳೋದಿಲ್ಲ. ಪುಸ್ತಕ ಮತ್ತೆ ಸಣ್ಣಪುಟ್ಟ ಫೀಸು ನಿಮ್ಮ ಕೈಯಿಂದ. ಪುಸ್ತಕದ ಖರ್ಚೇ ಇಲ್ಲದ ಕ್ಲಾಸ್‌ಗಳಿಗೆ ವೇಳಾಪಟ್ಟಿಯಲ್ಲೇ ಗುರುತು ಹಾಕಿರುತ್ತಾರೆ, ನೋಡಿಕೊಳ್ಳಿ. ಸಿಸಿಸಿ ಅಪ್ಲೈ ಅನ್ನುವ ಸೈಟಿನಲ್ಲಿ ಅರ್ಜಿ ಹಾಕಬೇಕು, ಸ್ಕೂಲಿನ ಒಪ್ಪಿಗೆ ಬೇಕು, ನಿಮ್ಮ ಸಹಿ ಬೇಕು. ಜೂನ್ ಬಂದ ಮೇಲೆ ಸ್ಕೂಲಿನ ಕೌನ್ಸಿಲರ್ ಸಿಗೋದಿಲ್ಲ, ಅವರ ಸಹಿಯನ್ನ ಈಗಲೇ ಮಾಡಿಸಿಟ್ಟುಕೊಳ್ಳಿ.

ಇನ್ನು ಯುಸಿ ಲೆಕ್ಕ. ಅವರು ಜಿಪಿಎ (ಗ್ರೇಡುಗಳ ಸರಾಸರಿ) ಹಾಕೋದು ಒಂಬತ್ತರ ನಂತರದ ಬೇಸಿಗೆಯಿಂದ ಹನ್ನೊಂದರ ನಂತರದ ಬೇಸಿಗೆವರೆಗೆ, ಎ-ಜಿ ಅಂತ ಯುಸಿ ಪಟ್ಟಿ ಮಾಡಿರುವ ಹೈಸ್ಕೂಲ್ ವಿಷಯಗಳ ಕೋರ್ಸ್‌ಗಳಿಗೆ ಮಾತ್ರ. ಯುಸಿಗೆ ಟ್ರಾನ್ಸ್‌ಫರ್ ಆಗುವ, ಎ-ಜಿ ವಿಷಯಕ್ಕೆ ಸೇರುವ ಕಾಲೇಜ್ ಕ್ಲಾಸ್‌ಗೆ ಎಪಿ (ಹೈಸ್ಕೂಲಲ್ಲೇ ಓದುವ ಕಾಲೇಜ್ ಮಟ್ಟದ ಕೋರ್ಸ್) ಥರಾನೇ ಒಂದು ಪಾಯಿಂಟ್ ಹೆಚ್ಚಿಗೆ ಸಿಗುತ್ತೆ. ಎ ಬಂದರೆ 5, ಬಿಗೆ 4. ಆದರೆ ಇದಕ್ಕೆ ಮಿತಿ ಇದೆ, ಇದನ್ನ ಯಾರೂ ಹೇಳೋದಿಲ್ಲ. ಆ ಹೆಚ್ಚಿನ ಪಾಯಿಂಟ್ ಒಟ್ಟು 8 ಸೆಮಿಸ್ಟರ್‌ಗೆ ಮಾತ್ರ, ಅದರಲ್ಲೂ ಹತ್ತನೇ ಗ್ರೇಡಿನದು 4ಕ್ಕಿಂತ ಜಾಸ್ತಿ ಲೆಕ್ಕಕ್ಕೆ ಬರಲ್ಲ. ಹತ್ತು, ಹನ್ನೊಂದರಲ್ಲಿ ವರ್ಷಪೂರ್ತಿಯ ಎಪಿ ನಾಲ್ಕು ತೆಗೆದುಕೊಂಡರೆ ಎಂಟೂ ತುಂಬಿಹೋಯಿತು ಅಲ್ವಾ? ಆಮೇಲೆ ಬೇಸಿಗೆಯಲ್ಲಿ ಮೂರು ಕ್ಲಾಸ್ ಹಾಕಿದರೂ ಆ ಹೆಚ್ಚಿನ ಪಾಯಿಂಟ್ ಸಿಗಲ್ಲ. ಅರ್ಜಿ ಓದುವವರು ಏನೇನು ಓದಿದ್ದಾಳೆ ಅಂತ ಬೇರೆಯಾಗಿ ನೋಡುತ್ತಾರೆ, ಅದು ನಿಜ. ಆದರೆ ಬರೀ ಪಾಯಿಂಟ್ ಆಸೆಗೆ ಬೇಸಿಗೆ ಹಾಳು ಮಾಡಬೇಡಿ.

ಅಸಿಸ್ಟ್ ಡಾಟ್ ಆರ್ಗ್ ಅಂತ ಸರ್ಕಾರಿ ಸೈಟಿದೆ. ಯಾವ ಕಮ್ಯುನಿಟಿ ಕಾಲೇಜಿನ ಯಾವ ಕ್ಲಾಸ್ ಯಾವ ಯುಸಿಯ, ಯಾವ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್ಸಿನ ಯಾವ ಕೋರ್ಸಿಗೆ ಸಮ ಅಂತ ಅದರಲ್ಲಿ ಸಿಗುತ್ತೆ. ಅದನ್ನ ನೋಡದೆ ಯಾವುದಕ್ಕೂ ಹೆಸರು ಹಾಕಬೇಡಿ.

ಸೇವಂತಿಗೆ, ಸ್ಯಾನ್ ರಮೋನ್

ಅಕ್ಕ, ನಮ್ಮ ಮನೆಯಲ್ಲಿ ಆದದ್ದನ್ನ ಹೇಳಿಬಿಡುತ್ತೇನೆ. ಬರೆಯೋಕೆ ಕಷ್ಟ, ಆದರೆ ನಿಮಗೆ ಉಪಯೋಗ ಆಗಲಿ.

ನಮ್ಮ ಮಗ ಹತ್ತು ಮುಗಿಸಿದ ಬೇಸಿಗೆಯಲ್ಲಿ ಕ್ಯಾಲ್ಕುಲಸ್, ಕೆಮಿಸ್ಟ್ರಿ ಎರಡೂ ಒಟ್ಟಿಗೆ ಹಾಕಿಸಿದೆವು. ಹಾಕಿಸಿದ್ದು ನಾವೇ, ಅವನು ಕೇಳಿರಲಿಲ್ಲ. ಮೊದಲ ವಾರ ಚೆನ್ನಾಗಿತ್ತು. ಎರಡನೇ ವಾರ ಜ್ವರ ಬಂತು, ನಾಲ್ಕು ದಿನ ಹೋಗಲಿಲ್ಲ. ಹೈಸ್ಕೂಲಿನಲ್ಲಿ ನಾಲ್ಕು ದಿನ ಅಂದರೆ ಏನಿಲ್ಲ, ಬೇಸಿಗೆ ಕ್ಲಾಸಲ್ಲಿ ಎರಡು ಅಧ್ಯಾಯ ಹೋಗಿರುತ್ತೆ. ನಾವು ಅವನ ಗ್ರೇಡ್ ಎಷ್ಟಿದೆ ಅಂತ ಕಾಲೇಜಿಗೆ ಫೋನ್ ಮಾಡಿದರೆ ಹೇಳಲಿಲ್ಲ, ವಿದ್ಯಾರ್ಥಿಯೇ ಕೇಳಬೇಕು ಅಂದರು. ಅದು ಅವರ ತಪ್ಪಲ್ಲ. ಮಗುವಿಗೆ ಹದಿನೈದೇ ವರ್ಷ ಆಗಿದ್ದರೂ ಕಾಲೇಜಿನ ದಾಖಲೆ ಅವನದು ಅಂತ ಫೆಡರಲ್ ಕಾನೂನೇ ಇದೆ. ನಮಗೆ ಗೊತ್ತಿರಲಿಲ್ಲ ಅಷ್ಟೇ. ಅವನು ಹೆದರಿಕೊಂಡು ನಮಗೆ ಏನೂ ಹೇಳಲಿಲ್ಲ. ಕೊನೆಗೆ ಎರಡರಲ್ಲೂ ಸಿ.

ಹೋಗಲಿ, ಇನ್ನೊಂದು ಸಲ ತೆಗೆದುಕೊಂಡರಾಯಿತು ಅಂದುಕೊಂಡೆವು. ಆಗೋದಿಲ್ಲವಂತೆ. ಡಿ, ಎಫ್ ಬಂದರೆ ಮತ್ತೆ ತೆಗೆದುಕೊಳ್ಳಬಹುದು, ಸಿ ಅಂದರೆ ಪಾಸ್, ಹಾಗಾಗಿ ಅದು ಹಾಗೇ ಇರುತ್ತೆ. ಈಗ ಅವನು ಕಾಲೇಜ್ ಮೂರನೇ ವರ್ಷ, ಮೆಡಿಕಲ್‌ಗೆ ಅರ್ಜಿ ಹಾಕೋಕೆ ತಯಾರಾಗುತ್ತಿದ್ದಾನೆ. ಮೆಡಿಕಲ್ ಸ್ಕೂಲ್ ಅರ್ಜಿಯಲ್ಲಿ ಹೈಸ್ಕೂಲಲ್ಲಿ ಇದ್ದಾಗ ತೆಗೆದುಕೊಂಡ ಕಾಲೇಜ್ ಕ್ಲಾಸ್‌ಗಳ ಟ್ರಾನ್ಸ್‌ಕ್ರಿಪ್ಟನ್ನೂ (ಗ್ರೇಡ್ ಪಟ್ಟಿ) ಕೊಡಬೇಕು, ಆ ಗ್ರೇಡೂ ಲೆಕ್ಕಕ್ಕೆ ಸೇರುತ್ತೆ. ಹದಿನೈದರಲ್ಲಿ ನಮ್ಮ ಅವಸರಕ್ಕೆ ಬಂದ ಎರಡು ಸಿ ಅವನ ಸೈನ್ಸ್ ಜಿಪಿಎಯಲ್ಲಿ ಇವತ್ತಿಗೂ ಕೂತಿವೆ. ಮೊನ್ನೆ ಅದನ್ನ ನೋಡುತ್ತಾ ಅವನು ಒಂದು ಮಾತೂ ಆಡಲಿಲ್ಲ. ಬೈದಿದ್ದರೂ ಆಗುತ್ತಿತ್ತು.

ಹಾಸನದ ಹುಡುಗ, ಡಬ್ಲಿನ್, ಕ್ಯಾಲಿಫೋರ್ನಿಯಾ

ಸೇವಂತಿಗೆ ಅಕ್ಕ, ಓದಿ ಬೇಜಾರಾಯಿತು. ಆದರೆ ಇನ್ನೊಂದು ಕಡೆಯದನ್ನೂ ಹೇಳಬೇಕು. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೆದರಬಾರದು ಅಲ್ವಾ.

ನಮ್ಮ ಮಗಳು ಮೂರು ಬೇಸಿಗೆಯಲ್ಲಿ ಐದು ಕ್ಲಾಸ್ ಮುಗಿಸಿದಳು. ಒಂದು ಬೇಸಿಗೆಗೆ ಎರಡಕ್ಕಿಂತ ಜಾಸ್ತಿ ಯಾವತ್ತೂ ಹಾಕಲಿಲ್ಲ. ಯುಸಿಗೆ ಹೋದಾಗ ಎಲ್ಲ ಕ್ರೆಡಿಟ್ಟೂ ಬಂತು, ಎಪಿದೂ ಸೇರಿ ಮೂರು ವರ್ಷಕ್ಕೆ ಡಿಗ್ರಿ ಮುಗಿಯುತ್ತೆ. ಒಂದು ವರ್ಷದ ಫೀಸು, ಹಾಸ್ಟೆಲ್ಲು, ಊಟ, ಅಷ್ಟೂ ಉಳಿಯಿತು. ನಮ್ಮಂಥ ಸಂಬಳದವರಿಗೆ ಅದು ಸಣ್ಣ ಮಾತಲ್ಲ. ಜೊತೆಗೆ ಮಗಳು ಆಗ ಎಚ್-4ನಲ್ಲಿ (ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡುವ ವೀಸಾ) ಇದ್ದಳು, ಗ್ರೀನ್ ಕಾರ್ಡ್ ಸಾಲು ಎಷ್ಟುದ್ದ ಅಂತ ಎಲ್ಲರಿಗೂ ಗೊತ್ತು, 21 ತುಂಬಿದರೆ ಮಕ್ಕಳು ಎಚ್-4ನಿಂದ ಹೊರಗೆ ಬೀಳುತ್ತಾರೆ. ಅಷ್ಟರೊಳಗೆ ಡಿಗ್ರಿ ಮುಗಿದರೆ ಸ್ವಲ್ಪ ನೆಮ್ಮದಿ. ಎಚ್-4 ಮಕ್ಕಳೂ ಕಾಲೇಜ್ ಕ್ಲಾಸ್ ತೆಗೆದುಕೊಳ್ಳಬಹುದು. ರೆಸಿಡೆನ್ಸಿ (ಈ ರಾಜ್ಯದ ನಿವಾಸಿ ಅನ್ನುವ) ಕಾಗದ ಏನೇನು ಬೇಕು ಅಂತ ಮಾತ್ರ ಅಡ್ಮಿಷನ್ ಆಫೀಸಲ್ಲಿ ಮೊದಲೇ ಕೇಳಿಕೊಳ್ಳಿ.

ಆದರೆ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಕಥೆ ಬೇರೆ. ಹೈಸ್ಕೂಲ್ ಪಾಸಾಗೋಕೆ ಬಳಸಿಕೊಂಡ ಕ್ಲಾಸ್‌ಗೆ ಕ್ರೆಡಿಟ್ ಕೊಡಲ್ಲ ಅನ್ನುವ ಕಡೆ ಬಹಳ ಇವೆ. ಹಾಗಾಗಿ ಕ್ರೆಡಿಟ್ ಉಳಿತಾಯ ಅಂತ ಲೆಕ್ಕ ಹಾಕುವವರು ಮಗು ಎಲ್ಲಿಗೆ ಹೋಗಬಹುದು ಅಂತ ಮೊದಲು ಅಂದಾಜು ಮಾಡಿ.

ಗಣಿತದ ಮೇಷ್ಟ್ರು

ನಾನು ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ, ಬೇಸಿಗೆಯಲ್ಲೂ. ಪ್ರತಿ ಜೂನ್‌ನಲ್ಲಿ ನನ್ನ ಕ್ಲಾಸಿಗೆ ಹೈಸ್ಕೂಲ್ ಮಕ್ಕಳು ಬರುತ್ತಾರೆ, ಅದರಲ್ಲಿ ನಮ್ಮ ಕಡೆಯ ಮಕ್ಕಳೂ ಇರುತ್ತಾರೆ. ಹೆಸರು ಕರೆಯುವಾಗಲೇ ಗೊತ್ತಾಗುತ್ತೆ. ಖುಷಿಯೂ ಆಗುತ್ತೆ, ಕೆಲವರ ಮುಖ ನೋಡಿ ಪಾಪ ಅನ್ನಿಸೋದೂ ಇದೆ.

ಒಂದು ಲೆಕ್ಕ ಹಾಕಿ ನೋಡಿ. ಐದು ಯೂನಿಟ್ಟಿನ ಕ್ಯಾಲ್ಕುಲಸ್ ಅಂದರೆ ಸೆಮಿಸ್ಟರ್ ಕಾಲೇಜಿನಲ್ಲಿ ಸುಮಾರು 90 ಗಂಟೆ ಪಾಠ. ಅದನ್ನ ಆರು ವಾರಕ್ಕೆ ಇಳಿಸಿದರೆ ವಾರಕ್ಕೆ 15 ಗಂಟೆ ಕ್ಲಾಸಲ್ಲೇ ಕೂರಬೇಕು. ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಓದು ಅನ್ನೋದು ಕಾಲೇಜಿನ ರೂಢಿ. ಅಲ್ಲಿಗೆ ವಾರಕ್ಕೆ 45 ಗಂಟೆ ಆಯಿತು. ಒಂದೇ ಕ್ಲಾಸ್‌ಗೆ! ನಿಮ್ಮ ಆಫೀಸ್ ಕೆಲಸಕ್ಕಿಂತ ಜಾಸ್ತಿ. ಮೂರು ಕ್ಲಾಸ್ ಹಾಕಿರುವ ಆ ಹುಡುಗಿಯ ಮನೆಯವರು ಈ ಗುಣಾಕಾರ ಮಾಡಿದ್ದಾರಾ ಗೊತ್ತಿಲ್ಲ.

ನಾನು ನೋಡಿದ ಹಾಗೆ ಸೋಲುವವರು ದಡ್ಡ ಮಕ್ಕಳಲ್ಲ. ಸ್ಕೂಲಲ್ಲಿ ಸುಮ್ನೆ ಕೇಳಿಸಿಕೊಂಡೇ ಎ ತೆಗೆಯುತ್ತಿದ್ದವರು. ಕಾಲೇಜಿನಲ್ಲಿ ಎರಡು ಪರೀಕ್ಷೆ ಮತ್ತೆ ಒಂದು ಫೈನಲ್, ಅಷ್ಟರಲ್ಲೇ ಗ್ರೇಡು. ಎಕ್ಸ್‌ಟ್ರಾ ಕ್ರೆಡಿಟ್ ಇಲ್ಲ, ಮತ್ತೆ ಬರೆಯೋಕೆ ಬಿಡಲ್ಲ. ಗೊತ್ತಾಗದ್ದನ್ನ ನಾವು ಪ್ರಶ್ನೆಗೆ ಸಿಗುವ ಆಫೀಸ್ ಅವರ್‌ಗೆ ಬಂದು ಕೇಳುವ ಮಗು ಪಾರಾಗುತ್ತೆ. ನಾಚಿಕೆ ಪಟ್ಟುಕೊಂಡು ಕೂರುವ ಮಗುವಿಗೆ ನಾನು ಏನು ಮಾಡಲಿ, ನಲವತ್ತು ಜನ ಇರುತ್ತಾರೆ.

ಡ್ರಾಪ್ ಮಾಡುವ ದಿನಾಂಕವನ್ನ ಫ್ರಿಜ್ ಮೇಲೆ ಅಂಟಿಸಿ. ಬೇಸಿಗೆ ಕ್ಲಾಸ್‌ನಲ್ಲಿ ಟ್ರಾನ್ಸ್‌ಕ್ರಿಪ್ಟ್ ಮೇಲೆ ಗುರುತು ಬೀಳದ ಹಾಗೆ ಬಿಡೋಕೆ ಸಿಗೋದು ಮೊದಲ ಒಂದು ವಾರ, ಅಷ್ಟೇ. ಆಮೇಲೆ ಬಿಟ್ಟರೆ ಡಬ್ಲ್ಯೂ, ಅಂದರೆ ಮಧ್ಯದಲ್ಲಿ ಬಿಟ್ಟರು ಅನ್ನುವ ಗುರುತು. ಒಂದು ಡಬ್ಲ್ಯೂ ಬಂದರೆ ಪ್ರಪಂಚ ಮುಳುಗಲ್ಲ, ಸಿ, ಡಿ ಗ್ರೇಡುಗಳಿಗಿಂತ ಎಷ್ಟೋ ವಾಸಿ. ಮಕ್ಕಳಿಗೆ ಇದನ್ನ ಮೊದಲೇ ಹೇಳಿಡಿ, ಬಿಟ್ಟರೆ ಮನೆಯಲ್ಲಿ ಬೈಯಲ್ಲ ಅಂತ. ಆ ಒಂದು ಮಾತು ಸಿಗದೇ ಮುಳುಗಿದವರನ್ನ ನೋಡಿದ್ದೇನೆ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಅವಳಿಗೆ ಸ್ಟಾಟಿಸ್ಟಿಕ್ಸ್ ಹಾಕಿಸಿ ಅಂತೀನಿ. ಗಿಡದ ರೋಗ ಓದುವವರಿಗೆ ಮೊದಲು ಬೇಕಾಗೋದು ಅದೇ. ಬೋರ್ಡೋ ಹೊಡೆದ ಮರ, ಹೊಡೆಯದ ಮರ, ಎಷ್ಟೆಷ್ಟು ಕಾಯಿ ಉದುರಿತು, ಆ ವ್ಯತ್ಯಾಸ ನಿಜವಾ ಅಥವಾ ಆಕಸ್ಮಿಕವಾ, ಇದನ್ನೇ ಅಲ್ಲಿ ಕಲಿಸೋದು. ಯುಸಿಗೆ ಟ್ರಾನ್ಸ್‌ಫರ್ ಆಗುತ್ತೆ. 2025ರ ಫಾಲ್‌ನಿಂದ ರಾಜ್ಯದ ಕಮ್ಯುನಿಟಿ ಕಾಲೇಜುಗಳಲ್ಲಿ ಇದಕ್ಕೆ ಒಂದೇ ನಂಬರ್ ಬಂದಿದೆ, ಸ್ಟಾಟ್ ಸಿ1000, ಹುಡುಕೋದೂ ಸುಲಭ. ಕ್ಯಾಲ್ಕುಲಸ್ ಎಲ್ಲೂ ಓಡಿ ಹೋಗಲ್ಲ, ಹನ್ನೊಂದರಲ್ಲಿ ಸ್ಕೂಲಲ್ಲೇ ವರ್ಷಪೂರ್ತಿ ನಿಧಾನಕ್ಕೆ ಕಲಿಯಲಿ. ಗಿಡಗಳ ರೋಗಶಾಸ್ತ್ರಕ್ಕೆ ಮುಂದೆ ಅದೂ ಬೇಕಾಗುತ್ತೆ, ಅರ್ಧಂಬರ್ಧ ಕಲಿತರೆ ಕಷ್ಟ.

ಡೇವಿಸ್ ಹುಡುಗ

ಆಂಟಿ, ನಾನು ಯುಸಿ ಡೇವಿಸ್‌ನಲ್ಲಿ ಎರಡನೇ ವರ್ಷ. ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ, ಅಮ್ಮ ಪಕ್ಕದಲ್ಲಿ ಕೂತು ತಿದ್ದುತ್ತಿದ್ದಾರೆ.

ನಾನು ಬೇಸಿಗೆಯಲ್ಲಿ ತೆಗೆದುಕೊಂಡಿದ್ದು ಎರಡು. ಒಂದು ಎಕನಾಮಿಕ್ಸ್, ಅಪ್ಪ ಹೇಳಿದ್ದಕ್ಕೆ. ಎ ಬಂತು, ಒಂದಕ್ಷರ ನೆನಪಿಲ್ಲ. ಇನ್ನೊಂದು ಮಣ್ಣಿನ ಬಗ್ಗೆ, ಹಾರ್ಟಿಕಲ್ಚರ್ ವಿಭಾಗದ್ದು. ಅದರಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಐವತ್ತು ದಾಟಿದ ಒಬ್ಬ ಲ್ಯಾಂಡ್‌ಸ್ಕೇಪ್ ಕೆಲಸದವರು. ಮಣ್ಣನ್ನ ಬೆರಳಲ್ಲಿ ಉಜ್ಜಿ ನೋಡಿಯೇ ಇದರಲ್ಲಿ ಜೇಡಿ ಎಷ್ಟಿದೆ ಅಂತ ಹೇಳುತ್ತಿದ್ದರು. ಯುಸಿ ಅರ್ಜಿಯಲ್ಲಿ ಎಂಟು ಪ್ರಶ್ನೆ ಕೊಡುತ್ತಾರೆ, ನಾಲ್ಕಕ್ಕೆ ಬರೆಯಬೇಕು, ಒಂದೊಂದು 350 ಪದ. ನಾನು ಒಂದರಲ್ಲಿ ಅವರ ಬಗ್ಗೆಯೇ ಬರೆದೆ. ಯುಸಿಯವರು ಎಸ್‌ಎಟಿ, ಎಸಿಟಿ ಪ್ರವೇಶ ಪರೀಕ್ಷೆಗಳನ್ನ ನೋಡೋದೇ ಇಲ್ಲ, ಹಾಗಾಗಿ ಆ ನಾಲ್ಕು ಉತ್ತರಕ್ಕೆ ಬೆಲೆ ಇದೆ. ಎಕನಾಮಿಕ್ಸ್ ಬಗ್ಗೆ ಬರೆಯೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ನಿಮ್ಮ ಮಗಳ ಹತ್ತಿರ ಅಜ್ಜನ ತೋಟ ಇದೆ ಆಂಟಿ. ದಯವಿಟ್ಟು ಊರಿಗೆ ಹೋಗೋದನ್ನ ಕ್ಯಾನ್ಸಲ್ ಮಾಡಬೇಡಿ.

ಇನ್ನೊಂದು. ತೆಗೆದುಕೊಂಡ ಎಲ್ಲ ಕಾಲೇಜ್ ಕ್ಲಾಸನ್ನೂ ಅರ್ಜಿಯಲ್ಲಿ ಹಾಕಲೇಬೇಕು. ಗ್ರೇಡ್ ಚೆನ್ನಾಗಿಲ್ಲ ಅಂತ ಒಂದನ್ನ ಬಿಟ್ಟರೆ, ಗೊತ್ತಾದ ಮೇಲೆ ಸೀಟೇ ಹೋಗಬಹುದು.

ಕಾಫಿ ಬಟ್ಟಲು, ಸನಿವೇಲ್

ದುಡ್ಡು ಕೊಟ್ಟು ಹೋಗುವ ಪ್ರೋಗ್ರಾಂ ಬಗ್ಗೆ ಯಾರೂ ಹೇಳಲಿಲ್ಲ. ಕ್ಯಾಂಪಸ್ ಹೆಸರು ದೊಡ್ಡದಿರಬಹುದು, ಆದರೆ ಅಂಥದ್ದರಲ್ಲಿ ಹೆಚ್ಚಿನವು ಅರ್ಜಿ ಹಾಕಿ ಫೀಸು ಕಟ್ಟಿದವರನ್ನ ಸೇರಿಸಿಕೊಳ್ಳುತ್ತವೆ. ಅರ್ಜಿ ಓದುವವರಿಗೆ ಯಾವುದು ಆರಿಸಿ ತೆಗೆದುಕೊಳ್ಳುವಂಥದ್ದು, ಯಾವುದು ದುಡ್ಡಿನದ್ದು ಅಂತ ಚೆನ್ನಾಗಿ ಗೊತ್ತು. ನಿಜವಾಗಲೂ ಕಷ್ಟಪಟ್ಟು ಆಯ್ಕೆ ಆಗಬೇಕಾದವು ಎಷ್ಟೋ ಬಿಟ್ಟಿಯೇ. ಎಂಐಟಿಯಲ್ಲಿ ನಡೆಯುವ ಬೇಸಿಗೆ ಸಂಶೋಧನಾ ಪ್ರೋಗ್ರಾಂ ಆರ್‌ಎಸ್‌ಐಗೆ ಫೀಸಿಲ್ಲ, ಎಂಐಟಿಈಎಸ್‌ಗೂ ಇಲ್ಲ, ಟೆಲುರೈಡ್ ಅಸೋಸಿಯೇಷನ್ನಿನ ಸೆಮಿನಾರಿಗೂ ಇಲ್ಲ. ಯುಸಿ ಕ್ಯಾಂಪಸ್‌ಗಳಲ್ಲೇ ನಡೆಯುವ ನಾಲ್ಕು ವಾರದ ವಿಜ್ಞಾನ-ಗಣಿತ ಪ್ರೋಗ್ರಾಂ ಕಾಸ್ಮೋಸ್‌ಗೆ ಫೀಸಿದೆ, ಆದರೆ ಆದಾಯ ಕಡಿಮೆ ಇದ್ದವರಿಗೆ ಸಹಾಯವೂ ಇದೆ. ಇವಕ್ಕೆಲ್ಲ ಚಳಿಗಾಲದಲ್ಲೇ ಅರ್ಜಿ ಮುಗಿದುಹೋಗುತ್ತೆ, ಮುಂದಿನ ವರ್ಷಕ್ಕೆ ನೆನಪಿಟ್ಟುಕೊಳ್ಳಿ. ಮೂರು ವಾರ ಮನೆಯಿಂದ ದೂರ ಇದ್ದು ಹೊಸ ಸ್ನೇಹಿತರು ಸಿಗಲಿ ಅಂತ ಕಳಿಸೋದಾದರೆ ಕಳಿಸಿ, ಅದು ಬೇರೆ ಸಂತೋಷ. ಸೀಟಿಗೋಸ್ಕರ ಅಂತ ಕಳಿಸಬೇಡಿ.

ತೀರ್ಥಹಳ್ಳಿ ಮಗಳು, ಫ್ರೀಮಾಂಟ್

ಎಲ್ಲರೂ ಇಷ್ಟು ಬರೆದಿದ್ದು ನೋಡಿ ಮನಸ್ಸು ತುಂಬಿ ಬಂತು. ಸೇವಂತಿಗೆ ಅವರೇ, ನಿಮ್ಮದನ್ನ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ಮೇಷ್ಟ್ರೇ, ಒಂದು ಪ್ರಶ್ನೆ. ಸ್ಟಾಟಿಸ್ಟಿಕ್ಸ್ ಆನ್‌ಲೈನ್ ಇದೆಯಲ್ಲ, ಅದನ್ನ ಊರಿನಿಂದಲೇ ಮಾಡಬಹುದಾ?

ಗಣಿತದ ಮೇಷ್ಟ್ರು

ಬೇಡ ಅಂತೀನಿ. ಬೇಸಿಗೆಯಲ್ಲಿ ನಿಮಗೂ ಊರಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಇಲ್ಲಿ ಬೆಳಗ್ಗೆ ಹತ್ತರ ಲೈವ್ ಕ್ಲಾಸ್ ಅಲ್ಲಿ ರಾತ್ರಿ ಹತ್ತೂವರೆ. ಲೈವ್ ಇಲ್ಲದ ಕ್ಲಾಸ್ ಆದರೂ ಪರೀಕ್ಷೆಗೆ ಹೊತ್ತು ಗೊತ್ತು ಇರುತ್ತೆ, ಕೆಲವರು ಕ್ಯಾಮೆರಾ ಹಾಕಿ ಬರೆಸುತ್ತಾರೆ. ಮಲೆನಾಡಿನ ಮಳೆಯಲ್ಲಿ ಕರೆಂಟ್ ಹೋದರೆ ಅರ್ಧ ಪರೀಕ್ಷೆಗೆ ನಿಲ್ಲುತ್ತೆ. ಹಿಂದೊಮ್ಮೆ ಒಬ್ಬ ವಿದ್ಯಾರ್ಥಿ ಭಾರತದಿಂದ ಬರೆಯುತ್ತಾ ಹೀಗೇ ಕಷ್ಟಕ್ಕೆ ಸಿಕ್ಕಿಹಾಕಿಕೊಂಡ. ಇನ್ನೊಂದು ಅವಕಾಶ ಕೊಟ್ಟೆ, ಆದರೆ ಎಲ್ಲ ಮೇಷ್ಟರೂ ಕೊಡಬೇಕು ಅಂತ ನಿಯಮ ಇಲ್ಲ.

ಸೆಮಿಸ್ಟರ್ ಕಾಲೇಜ್ ನೋಡಿ. ನಿಮ್ಮ ಫ್ರೀಮಾಂಟಿನ ಒಲೋನಿ ಸೆಮಿಸ್ಟರಿನದೇ, ಬೇಸಿಗೆ ಕ್ಲಾಸ್ ಜೂನ್‌ನಲ್ಲೇ ಶುರುವಾಗುತ್ತೆ. ಡಿ ಅನ್ಜಾ, ಫುಟ್‌ಹಿಲ್ ಕಾಲೇಜುಗಳು ಕ್ವಾರ್ಟರಿನವು (ವರ್ಷವನ್ನ ಸಣ್ಣ ಟರ್ಮ್‌ಗಳಾಗಿ ಹಂಚುವಂಥವು), ಅವುಗಳ ವಸಂತದ ಟರ್ಮ್ ಮುಗಿಯೋದೇ ಜೂನ್ ಕೊನೆಗೆ. ಜೂನ್‌ನಲ್ಲಿ ಶುರುವಾಗುವ ಆರು ವಾರದ್ದು ಜುಲೈ ಕೊನೆಯ ಹೊತ್ತಿಗೆ ಮುಗಿಯುತ್ತೆ. ಆಮೇಲೆ ಹೋಗಿ.

ಆಸ್ಟಿನ್ ಅಮ್ಮ

ಕ್ಯಾಲಿಫೋರ್ನಿಯಾದ ಮಾತಿನ ಮಧ್ಯೆ ಬಂದೆ, ಕ್ಷಮಿಸಿ. ಟೆಕ್ಸಾಸ್‌ನವರು ಯಾರಾದರೂ ಓದುತ್ತಿದ್ದರೆ, ನಮ್ಮಲ್ಲಿ ಇದನ್ನ ಡ್ಯುಯಲ್ ಕ್ರೆಡಿಟ್ ಅಂತಾರೆ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆಲ್ಲ 42 ಗಂಟೆಯ ಕೋರ್ ಪಠ್ಯ ಅಂತ ಇದೆ, ಆ ಪಟ್ಟಿಯಲ್ಲಿರುವ ಕ್ಲಾಸ್ ತೆಗೆದುಕೊಂಡರೆ ರಾಜ್ಯದೊಳಗೆ ತೊಂದರೆ ಇಲ್ಲದೆ ಸೇರುತ್ತೆ. ಹೊರರಾಜ್ಯಕ್ಕೆ ಹೋಗೋದಾದರೆ ಆ ಕಾಲೇಜಿಗೇ ಕೇಳಬೇಕು. ಫೀಸು ಊರಿಂದೂರಿಗೆ ಬೇರೆ.

ತೀರ್ಥಹಳ್ಳಿ ಮಗಳು, ಫ್ರೀಮಾಂಟ್

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಏನಾಯಿತು ಅಂತ ಕೆಲವರು ಕೇಳಿದ್ದಿರಿ.

ಒಂದೇ ಕ್ಲಾಸ್, ಸ್ಟಾಟಿಸ್ಟಿಕ್ಸ್, ನೇರ ಕ್ಲಾಸಿಗೆ ಹೋಗಿ ಕೂರುವಂಥದ್ದು. ಇದನ್ನ ಆರಿಸಿದ್ದು ಮಗಳೇ. ಮೇಷ್ಟ್ರು ಬರೆದಿದ್ದನ್ನ ಅವಳಿಗೆ ಓದಿ ಹೇಳಿದೆ, ಹೊಡೆದ ಮರ ಹೊಡೆಯದ ಮರ ಅನ್ನುವಷ್ಟರಲ್ಲೇ ಫೋನ್ ಕಿತ್ತುಕೊಂಡಳು. ಅವರಪ್ಪನಿಗೆ ಇನ್ನೂ ಕ್ಯಾಲ್ಕುಲಸ್ ಆಸೆ ಪೂರ್ತಿ ಹೋಗಿಲ್ಲ. ಆದರೆ ಡ್ರಾಪ್ ಮಾಡುವ ದಿನಾಂಕವನ್ನ ಫ್ರಿಜ್ ಮೇಲೆ ಅಂಟಿಸಿದ್ದು ಅವರೇ. ಬಿಡಬೇಕು ಅನ್ನಿಸಿದರೆ ಬಿಡು ಕಂದಾ, ನಾನೇನೂ ಅನ್ನಲ್ಲ ಅಂತ ಅವಳಿಗೆ ಹೇಳಿದ್ದನ್ನ ಅಡುಗೆಮನೆಯಿಂದ ಕೇಳಿಸಿಕೊಂಡೆ.

ಹೆಸರು ಹಾಕೋಕೆ ಹೈಸ್ಕೂಲ್ ಮಕ್ಕಳಿಗೆ ಎಲ್ಲರಿಗಿಂತ ಕೊನೆಗೆ ಅವಕಾಶ ಕೊಡುತ್ತಾರೆ ಅಂತ ಗೊತ್ತಿರಲಿಲ್ಲ. ಅಷ್ಟರಲ್ಲಿ ಕ್ಲಾಸ್ ತುಂಬಿತ್ತು, ವೇಯ್ಟ್‌ಲಿಸ್ಟಿನಲ್ಲಿ ನಾಲ್ಕನೆಯವಳು. ಮೊದಲ ದಿನ ಹೋಗಿ ಕೂತಿರು, ಬಾರದವರನ್ನ ತೆಗೆಯುತ್ತಾರೆ ಅಂತ ಕೌನ್ಸಿಲರ್ ಹೇಳಿದ್ದಾರೆ. ಇದನ್ನ ಮುಂದಿನವರು ನೆನಪಿಟ್ಟುಕೊಳ್ಳಿ.

ಕ್ಲಾಸ್ ಮುಗಿದ ಮಾರನೇ ದಿನದ ಟಿಕೆಟ್ ಆಗಿದೆ. ಎರಡು ವಾರವೇ ಸಿಗೋದು, ಆಗಸ್ಟ್ ಮಧ್ಯದಲ್ಲಿ ಸ್ಕೂಲ್ ಶುರು. ನಿನ್ನೆ ಅಜ್ಜನಿಗೆ ಫೋನ್ ಮಾಡಿ, ಈ ಸಲ ಬೋರ್ಡೋ ಹೊಡೆಸುವಾಗ ಯಾವ ಸಾಲಿಗೆ ಯಾವತ್ತು ಹೊಡೆದಿರಿ ಅಂತ ಬರೆದಿಡಬೇಕು ಅಂದಳು. ಅಪ್ಪ ಹಳೇ ಪಂಚಾಂಗದ ಹಿಂದೆ ಬರೆಯುತ್ತೇನೆ, ಪೆನ್ನು ಹುಡುಕಬೇಕು ಅಂದರು.